ಸೆಕೆ ಬೇರೆ, ಬಿಸಿಲು ಬೇರೆ



ಪ್ರತಿ ವರ್ಷ ಏಪ್ರಿಲ್ 24 ಅಥವಾ 25ರಂದು ಬೆಂಗಳೂರಿನಲ್ಲಿ ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಶೂನ್ಯ ನೆರಳಿನ ದಿನ ಎಂದು ಶಾಲೆಯ ಮಕ್ಕಳು ಲೋಟ, ಬಾಟಲಿಗಳನ್ನು ಅಂಗಳದಲ್ಲಿಟ್ಟು ನೋಡಿ ಖುಷಿಪಡುತ್ತಾರೆ. ಹುಬ್ಬಳ್ಳಿಗೆ ಆ ದಿನ ಬರುವುದು ಮೇ ತಿಂಗಳ ಆರಂಭಕ್ಕೆ, ಬೀದರಿಗೆ ಮೇ ಎರಡನೇ ವಾರಕ್ಕೆ. ಸೂರ್ಯ ದಕ್ಷಿಣಕ್ಕೆ ಹಿಂತಿರುಗುವಾಗ ಮತ್ತೊಮ್ಮೆ ಇದೇ ಆಗುತ್ತದೆ, ಬೆಂಗಳೂರಿನಲ್ಲಿ ಆಗಸ್ಟ್ 18ರ ಸುಮಾರಿಗೆ. ಆಗ ಮೋಡ ಮುಚ್ಚಿರುವುದರಿಂದ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ.

ಚರ್ಮದ ವೈದ್ಯರಾದ ನಮಗೆ ಈ ನೆರಳಿನ ಲೆಕ್ಕ ಬಹಳ ಮುಖ್ಯ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಸೂರ್ಯ ಆಕಾಶದ ಅರ್ಧಕ್ಕಿಂತ ಮೇಲಿದ್ದಾನೆ, ಅವನ ಕಿರಣ ಚರ್ಮಕ್ಕೆ ಕೆಡುಕು ಮಾಡುವಷ್ಟು ಜೋರಾಗಿದೆ ಎಂದು ಅರ್ಥ. ಗಡಿಯಾರ ಬೇಡ, ಫೋನು ಬೇಡ, ಕಾಲ ಕೆಳಗೆ ನೋಡಿಕೊಂಡರೆ ಸಾಕು. ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನವರಿಗೆ ಈ ಹೊತ್ತು ಬೆಳಿಗ್ಗೆ ಒಂಬತ್ತೂಕಾಲಿನಿಂದ ಮಧ್ಯಾಹ್ನ ಮೂರೂಕಾಲಿನವರೆಗೆ ಇರುತ್ತದೆ. ಚಳಿಗಾಲದಲ್ಲಿ ಈ ಕಾಟವಿಲ್ಲ ಅಂದುಕೊಂಡಿದ್ದರೆ ಡಿಸೆಂಬರ್ 21ರ ನಡುಹಗಲಲ್ಲಿ ಹೊರಗೆ ನಿಂತು ನೋಡಿ. ವರ್ಷದ ಅತಿ ಚಿಕ್ಕ ಹಗಲು ಅದು. ಆದರೂ ಬೆಂಗಳೂರಿನಲ್ಲಿ ಐದಡಿ ಎತ್ತರದವರ ನೆರಳು ನಾಲ್ಕಡಿ ಮುಟ್ಟುವುದಿಲ್ಲ. ಬೀದರಿನಲ್ಲೂ ನಾಲ್ಕೂವರೆ ಅಡಿ ದಾಟುವುದಿಲ್ಲ. ಅಂದರೆ ಕರ್ನಾಟಕದ ಯಾವ ಊರಿಗೂ ವರ್ಷದ ಯಾವ ತಿಂಗಳಲ್ಲೂ ನಡುಹಗಲಿನ ಬಿಸಿಲಿನಿಂದ ಪೂರ್ತಿ ರಜೆ ಇಲ್ಲ.

ಆದರೆ ನಾವು ಬಿಸಿಲನ್ನು ಅಳೆಯುವುದು ನೆರಳಿನಿಂದಲ್ಲ, ಬೆವರಿನಿಂದ. ರಾಯಚೂರಿನಲ್ಲಿ 42 ಡಿಗ್ರಿ ಅಂದರೆ ಬಿಸಿಲು ಜಾಸ್ತಿ, ಬೆಂಗಳೂರಿನಲ್ಲಿ 29 ಡಿಗ್ರಿ, ಜೊತೆಗೆ ತಣ್ಣನೆ ಗಾಳಿ, ಅಂದರೆ ಬಿಸಿಲು ಕಡಿಮೆ. ಚರ್ಮದ ಲೆಕ್ಕ ಹೀಗಿಲ್ಲ. ನಮ್ಮ ಮೈಗೆ ಬಿಸಿ ತಗಲುವುದು ಸೂರ್ಯನ ಒಂದು ಬಗೆಯ ಕಿರಣದಿಂದ, ಚರ್ಮ ಕೆಡುವುದು ಮುಖ್ಯವಾಗಿ ಇನ್ನೊಂದು ಬಗೆಯಿಂದ. ಅದೇ ಅತಿನೇರಳೆ ಕಿರಣ. ಅದು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬೆಚ್ಚಗೂ ಆಗುವುದಿಲ್ಲ. 1801ರಲ್ಲಿ ಜರ್ಮನಿಯ ಯೇನಾ ಊರಿನಲ್ಲಿ ಯೋಹಾನ್ ವಿಲ್ಹೆಲ್ಮ್ ರಿಟ್ಟರ್ ಎಂಬ ವಿಜ್ಞಾನಿ ಬಿಸಿಲನ್ನು ಪಟ್ಟಕದಿಂದ ಏಳು ಬಣ್ಣವಾಗಿ ಒಡೆದು, ನೇರಳೆ ಬಣ್ಣದ ಆಚೆ, ಏನೂ ಕಾಣದ ಕತ್ತಲ ಜಾಗದಲ್ಲಿ ಬೆಳ್ಳಿಯ ಕ್ಲೋರೈಡ್ ಇಟ್ಟ. ಬೆಳಕು ಬಿದ್ದ ಕಡೆಗಿಂತ ಅಲ್ಲೇ ಅದು ಬೇಗ ಕಪ್ಪಾಯಿತು. ಈ ಕಿರಣ ಪತ್ತೆಯಾದದ್ದು ಹಾಗೆ.

ಎತ್ತರ ಏರಿದಂತೆ ಈ ಕಿರಣ ಹೆಚ್ಚುತ್ತದೆ, ಸಾವಿರ ಮೀಟರಿಗೆ ಸುಮಾರು ಶೇಕಡ 10ರಷ್ಟು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಮುಳ್ಳಯ್ಯನಗಿರಿಯ ತುದಿ 1900 ಮೀಟರು ದಾಟುತ್ತದೆ. ಅಲ್ಲಿಗೆ ಹೋದವರು ಸ್ವೆಟರ್ ಹಾಕಿಕೊಂಡು ನಡುಗುತ್ತ ಫೋಟೊ ತೆಗೆಸಿಕೊಂಡು ಬರುತ್ತಾರೆ. ಸಂಜೆ ಮನೆಯಲ್ಲಿ ಕನ್ನಡಿ ನೋಡಿಕೊಂಡರೆ ಮೂಗು, ಕೆನ್ನೆ ಉರಿಯುತ್ತಿರುತ್ತವೆ. ಚಳಿಗಾಳಿಗೆ ಹೀಗಾಯಿತು ಅಂದುಕೊಳ್ಳುತ್ತಾರೆ. ತೆಳುಮೋಡವನ್ನೂ ನಂಬುವಂತಿಲ್ಲ, ಅತಿನೇರಳೆ ಕಿರಣದ ಶೇಕಡ 80ರವರೆಗೆ ಅದನ್ನು ದಾಟಿ ಬರಬಲ್ಲದು. ಈ ಕಿರಣದ ಜೋರನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಒಂದು ಸೂಚ್ಯಂಕವಿದೆ. 3ಕ್ಕೆ ಬಂದರೆ ಎಚ್ಚರ ಬೇಕು, 8ಕ್ಕೆ ಬಂದರೆ ಬಹಳ ಹೆಚ್ಚು, 11 ಮತ್ತು ಅದರ ಮೇಲೆ ವಿಪರೀತ. ಮಾರ್ಚ್‌ನಿಂದ ಮೇವರೆಗೆ ಮೋಡವಿಲ್ಲದ ನಡುಹಗಲಲ್ಲಿ ನಮ್ಮ ರಾಜ್ಯದಲ್ಲಿ ಅದು 11 ದಾಟುವುದು ಸಾಮಾನ್ಯ. ಮೊಬೈಲಿನ ಹವಾಮಾನದ ಪುಟದಲ್ಲಿ ಈ ಅಂಕಿಯೂ ಇರುತ್ತದೆ. ನಾವು ನೋಡುವುದು ಮಾತ್ರ ಡಿಗ್ರಿಯನ್ನು.

ಈ ವ್ಯತ್ಯಾಸವನ್ನು ನನಗಿಂತ ಚೆನ್ನಾಗಿ ಹೇಳಿದವರೊಬ್ಬರಿದ್ದಾರೆ. ರಾಯಚೂರು ಕಡೆಯ ಹತ್ತಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸು. ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ. ಕೊರಳಿನ ಗುಂಡಿಯನ್ನೂ ಹಾಕಿದ್ದರು, ಎರಡೂ ಮಣಿಕಟ್ಟಿನ ಗುಂಡಿಯನ್ನೂ ಹಾಕಿದ್ದರು. ತಲೆಗೆ ಸುತ್ತಿದ ಟವೆಲ್ಲಿನ ಒಂದು ಚುಂಗು ಕುತ್ತಿಗೆಯ ಹಿಂಭಾಗ ಮುಚ್ಚುವಂತೆ ಇಳಿಬಿದ್ದಿತ್ತು, ಇನ್ನೊಂದು ಚುಂಗನ್ನು ಗಲ್ಲದ ಕೆಳಗಿನಿಂದ ತಂದು ಕಿವಿಯ ಹತ್ತಿರ ಸಿಗಿಸಿಕೊಂಡಿದ್ದರು. ಬೆನ್ನು ಪೂರ್ತಿ ಬೆವರಿನಿಂದ ತೊಯ್ದಿತ್ತು. "ಇಷ್ಟು ಸೆಕಿಯೊಳಗ ಅಂಗಿ ಯಾಕವ್ವ?" ಅಂತ ಕೇಳಿದೆ. ಬಗ್ಗಿದವರು ತಲೆ ಎತ್ತದೆಯೇ ಹೇಳಿದರು: "ಸೆಕಿ ಬ್ಯಾರೆ ರೀ ಡಾಕ್ಟ್ರ, ಬಿಸಲ ಬ್ಯಾರೆ. ಸೆಕಿ ಸಂಜಿಗಿ ಹೋಗ್ತದ. ಬಿಸಲ ಹೋಗಂಗಿಲ್ಲ, ಮೈಯಾಗ ಕುಂದರ್ತದ."

ಚರ್ಮರೋಗದ ಪುಸ್ತಕದಲ್ಲಿ ಇದೇ ಮಾತನ್ನು ಪುಟಗಟ್ಟಲೆ ಬರೆದಿದ್ದಾರೆ. ಬಿಸಿಲು ಮೈಯಲ್ಲಿ ಕೂರುವುದು ನಿಜ. ಭೂಮಿಗೆ ತಲುಪುವ ಅತಿನೇರಳೆ ಕಿರಣದಲ್ಲಿ ಎರಡು ಬಗೆ, ಎ ಮತ್ತು ಬಿ. ಬಿ ಬಗೆಯದು ಪಾಲಿನಲ್ಲಿ ಕಡಿಮೆ, ಆದರೆ ಚರ್ಮದ ಮೇಲ್ಪದರದ ಜೀವಕೋಶಗಳ ಡಿಎನ್‌ಎಗೆ ನೇರವಾಗಿ ಪೆಟ್ಟು ಕೊಡುವುದು ಅದೇ. ಚರ್ಮ ಕೆಂಪಾಗುವುದು, ಉರಿಯುವುದು, ಸಿಪ್ಪೆ ಏಳುವುದು ಅದರಿಂದ. ಉಳಿದ ಶೇಕಡ 95ರಷ್ಟು ಎ ಬಗೆ. ಅದು ಇನ್ನೂ ಆಳಕ್ಕೆ ಇಳಿದು ಚರ್ಮವನ್ನು ಬಿಗಿಯಾಗಿ ಹಿಡಿದಿರುವ ಕೊಲಾಜೆನ್ ಎಳೆಗಳನ್ನು ನಿಧಾನವಾಗಿ ಹಾಳುಮಾಡುತ್ತದೆ. ಅವತ್ತು ಏನೂ ಗೊತ್ತಾಗುವುದಿಲ್ಲ, ಇಪ್ಪತ್ತು ವರ್ಷದ ಮೇಲೆ ಸುಕ್ಕಾಗಿ, ಮಚ್ಚೆಯಾಗಿ, ದಪ್ಪ ತೊಗಲಾಗಿ ಕಾಣಿಸುತ್ತದೆ. ನಿಮ್ಮದೇ ಮೈಯಲ್ಲಿ ಸಾಕ್ಷಿ ಬೇಕಾದರೆ ಮುಂಗೈಯ ಹಿಂಭಾಗದ ಚರ್ಮವನ್ನೂ ತೋಳಿನ ಒಳಬದಿಯ ಚರ್ಮವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡಕ್ಕೂ ವಯಸ್ಸು ಒಂದೇ.

2012ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದು 28 ವರ್ಷ ಲಾರಿ ಓಡಿಸಿದ 69 ವರ್ಷದ ಚಾಲಕರೊಬ್ಬರ ಚಿತ್ರ ಪ್ರಕಟಿಸಿತು. ಮುಖದ ಬಲಭಾಗ ವಯಸ್ಸಿಗೆ ತಕ್ಕಂತಿದೆ, ಎಡಭಾಗ ಇಪ್ಪತ್ತು ವರ್ಷ ಹೆಚ್ಚಾದವರ ಹಾಗೆ ಜೋತುಬಿದ್ದು ಸುಕ್ಕುಗಟ್ಟಿದೆ. ಅಲ್ಲಿ ಚಾಲಕನ ಕಿಟಕಿ ಎಡಕ್ಕೆ. ಕಿಟಕಿಯ ಗಾಜು ಬಿ ಕಿರಣವನ್ನು ತಡೆಯುತ್ತದೆ, ಎ ಕಿರಣದ ದೊಡ್ಡ ಪಾಲನ್ನು ಒಳಗೆ ಬಿಡುತ್ತದೆ. ನಮ್ಮಲ್ಲಿ ಕಿಟಕಿ ಬಲಕ್ಕೆ, ಅದೂ ತೆರೆದೇ ಇರುತ್ತದೆ. ಬಸ್ಸಿನ ಡ್ರೈವರುಗಳ ಬಲಮೊಣಕೈಯನ್ನು ಒಮ್ಮೆ ಗಮನಿಸಿ. ಎಡಗೈಗಿಂತ ಎರಡು ಛಾಯೆ ಕಪ್ಪು, ಮುಟ್ಟಿದರೆ ಒರಟು. ತುಂಬುತೋಳಿನ ಅಂಗಿಗಿಂತ ಒಳ್ಳೆಯ ಮದ್ದು ಅವರಿಗೆ ಇನ್ನೊಂದಿಲ್ಲ.

ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ನಾವು ಕಪ್ಪು ಮೈಯವರು, ನಮಗೆ ದೇವರೇ ರಕ್ಷಣೆ ಕೊಟ್ಟಿಲ್ಲವೇ? ಕೊಟ್ಟಿದ್ದಾನೆ. ಮೆಲನಿನ್ ಎಂಬ ಬಣ್ಣದ ಕಣಗಳು ಚರ್ಮದ ಜೀವಕೋಶದ ಕೇಂದ್ರದ ಮೇಲೆ ಕೊಡೆಯ ಹಾಗೆ ಕವಿದು ಕೂತು ಡಿಎನ್‌ಎಯನ್ನು ಕಾಯುತ್ತವೆ. ಬಿಳಿಯರಲ್ಲಿ ಕಾಣುವಷ್ಟು ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಇಲ್ಲದಿರುವುದಕ್ಕೆ ಇದೇ ದೊಡ್ಡ ಕಾರಣ. ಆದರೆ ಆ ಕೊಡೆಗೂ ಮಿತಿಯಿದೆ. ಅತಿ ಕಪ್ಪು ಚರ್ಮದ ಮೇಲ್ಪದರ ಕೊಡುವ ರಕ್ಷಣೆ, ಸನ್‌ಸ್ಕ್ರೀನಿನ ಮೇಲೆ ಬರೆಯುವ ಅಳತೆಯಲ್ಲಿ, ಎಸ್‌ಪಿಎಫ್ 13ರಷ್ಟು ಎಂದು 1979ರ ಒಂದು ಅಧ್ಯಯನ ಲೆಕ್ಕಹಾಕಿತ್ತು. ನಮ್ಮ ಗೋಧಿಬಣ್ಣಕ್ಕೆ ಅಷ್ಟೂ ಇಲ್ಲ. ಬಿಸಿಲಿಗೆ ಕಪ್ಪಾಗುವುದೆಂದರೆ ಒಳಗೆ ಪೆಟ್ಟು ಬಿದ್ದ ಮೇಲೆ ಚರ್ಮ ಹೊಸ ಕೊಡೆ ಬಿಚ್ಚುವುದು. ಅದು ಆರೋಗ್ಯದ ಕಳೆಯೂ ಅಲ್ಲ, ಅವಮಾನದ ಗುರುತೂ ಅಲ್ಲ.

ಅವಮಾನ ಎಂದೆ. ಬೇಕೆಂದೇ ಎಂದೆ. ನನ್ನ ಬಳಿ ಬಿಸಿಲಿನ ವಿಚಾರಕ್ಕೆ ಬರುವ ಹತ್ತು ಜನರಲ್ಲಿ ಎಂಟು ಜನಕ್ಕೆ ಬೇಕಾಗಿರುವುದು ರಕ್ಷಣೆಯಲ್ಲ, ಬಿಳುಪು. ಅದರಲ್ಲೂ ಬಂಗು ಬಿದ್ದ ಹೆಣ್ಣುಮಕ್ಕಳು. ಕೆನ್ನೆಯ ಎಲುಬಿನ ಮೇಲೆ, ಹಣೆಯಲ್ಲಿ, ಮೇಲ್ತುಟಿಯ ಮೇಲೆ ಕಂದು ನಕ್ಷೆಯ ಹಾಗೆ ಹರಡುವ ಈ ಬಂಗಿಗೆ ಬಸಿರು, ಹಾರ್ಮೋನು, ಮನೆತನ, ಬಿಸಿಲು ಎಲ್ಲವೂ ಕಾರಣ. ಔಷಧಿ ಅಂಗಡಿಯಲ್ಲಿ ಕೇಳಿದರೆ ಒಂದು ಸಣ್ಣ ಟ್ಯೂಬು ಕೊಡುತ್ತಾರೆ. ಅದರಲ್ಲಿ ಹೆಚ್ಚಾಗಿ ಇರುವುದು ಸ್ಟಿರಾಯ್ಡ್, ಜೊತೆಗೆ ಬಣ್ಣ ತಿಳಿಗೊಳಿಸುವ ಹೈಡ್ರೋಕ್ವಿನೋನ್. ಎರಡು ವಾರದಲ್ಲಿ ಮುಖ ಬೆಳ್ಳಗಾಗುತ್ತದೆ, ಅಕ್ಕಪಕ್ಕದವರಿಗೂ ಆ ಟ್ಯೂಬಿನ ಹೆಸರು ಹಬ್ಬುತ್ತದೆ. ಎರಡು ಮೂರು ತಿಂಗಳಾಗುವಷ್ಟರಲ್ಲಿ ಚರ್ಮ ಈರುಳ್ಳಿಸಿಪ್ಪೆಗಿಂತ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ಮೊಡವೆ, ಕೂದಲು ಬರುತ್ತವೆ. ಬಿಟ್ಟರೆ ಮುಖ ಉರಿಯುತ್ತದೆ, ಆದ್ದರಿಂದ ಬಿಡಲಾಗದೆ ಮತ್ತೆ ಹಚ್ಚುತ್ತಾರೆ. ಅಂಥ ತೆಳು ಚರ್ಮದ ಮೇಲೆ ಬಿಸಿಲು ಬಿದ್ದರೆ ಬಂಗು ಮೊದಲಿಗಿಂತ ದಟ್ಟವಾಗಿ ಮರಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಲೇಪಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಪಟ್ಟಿಯಲ್ಲಿದೆ, ಅಂಗಡಿಯಲ್ಲೂ ಇದೆ.

ಮನೆಮದ್ದಿನ ವಿಷಯದಲ್ಲಿ ಒಂದೇ ಮಾತು. ಕಡಲೆಹಿಟ್ಟು, ಮೊಸರು ಹಚ್ಚಿಕೊಳ್ಳಿ, ನನ್ನ ತಕರಾರಿಲ್ಲ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ. ನಿಂಬೆಯ ಜಾತಿಯ ಹಣ್ಣಿನಲ್ಲಿ, ಹೆಚ್ಚಾಗಿ ಸಿಪ್ಪೆಯಲ್ಲಿ, ಬಿಸಿಲು ತಗುಲಿದರೆ ಚರ್ಮವನ್ನು ಸುಡುವ ಅಂಶವಿದೆ. ಹಚ್ಚಿದ ಜಾಗದಲ್ಲೇ ಬೊಬ್ಬೆ ಎದ್ದು, ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ತೊನ್ನಿಗೆ ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲು ಕಾಯಿಸುವ ನಮ್ಮ ಹಳೆಯ ವೈದ್ಯದ ಹಿಂದಿರುವುದೂ ಇದೇ ಬಗೆಯ ಅಂಶ. ಅಲ್ಲಿ ಬಣ್ಣ ಬರಿಸಲು ಬಳಸುವುದನ್ನು ಇಲ್ಲಿ ಬಣ್ಣ ಕಳೆಯಲು ಹಚ್ಚಿದರೆ ಫಲ ಉಲ್ಟಾ ಆಗದೆ ಇನ್ನೇನು?

ಈಗ ಸನ್‌ಸ್ಕ್ರೀನಿಗೆ ಬರೋಣ. ಅದು ಕೆಲಸ ಮಾಡುತ್ತದೆಯೇ ಎಂದರೆ ಮಾಡುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ನ್ಯಾಂಬೂರ್ ಎಂಬ ಸಣ್ಣ ಊರಿನಲ್ಲಿ 1992ರಿಂದ ನಾಲ್ಕೂವರೆ ವರ್ಷ 1621 ಜನರ ಮೇಲೆ ಪ್ರಯೋಗ ನಡೆಯಿತು. ಅರ್ಧ ಜನ ದಿನವೂ ಸನ್‌ಸ್ಕ್ರೀನ್ ಹಚ್ಚಬೇಕು, ಉಳಿದವರು ತಮಗೆ ತೋಚಿದಾಗ ಹಚ್ಚಬಹುದು. ದಿನವೂ ಹಚ್ಚಿದವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ಶೇಕಡ 40ರಷ್ಟು ಕಡಿಮೆಯಾಯಿತು. ಸುಕ್ಕು, ಒರಟುತನದಂಥ ವಯಸ್ಸಿನ ಗುರುತುಗಳೂ ಅವರಲ್ಲಿ ಶೇಕಡ 24ರಷ್ಟು ಕಡಿಮೆ. ಅದು ಬಿಳಿಚರ್ಮದವರ ಊರು, ಆ ಅಂಕಿಗಳನ್ನು ಹಾಗೇ ತಂದು ನಮಗೆ ಅಂಟಿಸುವಂತಿಲ್ಲ. ಆದರೂ ವಸ್ತುವಿನಲ್ಲಿ ಗುಣವಿದೆ ಎಂಬುದರಲ್ಲಿ ಅನುಮಾನವಿಲ್ಲ.

ಅಂಗಡಿಯಲ್ಲಿ ಎಸ್‌ಪಿಎಫ್ ಅಂಕಿ ನೋಡಿ ಮರುಳಾಗಬೇಡಿ. 30 ಇದ್ದರೆ ಬಿ ಕಿರಣದ ಶೇಕಡ 97ನ್ನು ತಡೆಯುತ್ತದೆ, 50 ಇದ್ದರೆ 98ನ್ನು. ಎ ಕಿರಣಕ್ಕೆ ಈ ಅಂಕಿ ಅನ್ವಯಿಸುವುದಿಲ್ಲ. ಅದಕ್ಕೆ ‘ಬ್ರಾಡ್ ಸ್ಪೆಕ್ಟ್ರಮ್’ ಎಂದೋ ‘ಪಿಎ’ ಎಂಬ ಅಕ್ಷರದ ಮುಂದೆ ಮೂರು ನಾಲ್ಕು ಕೂಡಿಸುವ ಗುರುತೋ ಇದೆಯೇ ನೋಡಬೇಕು. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ಕೆಡುಕೇ. ಅವರು ಐರನ್ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣದ ಲೇಪ ಕೊಂಡರೆ ಒಳ್ಳೆಯದು. ಇವೆಲ್ಲಕ್ಕಿಂತ ಮುಖ್ಯವಾದದ್ದು ಎಷ್ಟು ಹಚ್ಚುತ್ತೀರಿ ಎಂಬುದು. ಪ್ರಯೋಗಾಲಯದಲ್ಲಿ ಆ ಅಂಕಿ ಕೊಡುವುದು ಒಂದು ಚದರ ಸೆಂಟಿಮೀಟರಿಗೆ ಎರಡು ಮಿಲಿಗ್ರಾಂ ಬಳಿದು. ಮುಖ, ಕುತ್ತಿಗೆಗೆ ಲೆಕ್ಕಹಾಕಿದರೆ ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎಳೆದ ಎರಡು ಗೆರೆಯಷ್ಟು. ಹೊರಡುವ ಕಾಲು ಗಂಟೆ ಮೊದಲು ಅಷ್ಟನ್ನು ಹಚ್ಚಬೇಕು, ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ನಮ್ಮವರು ಹಚ್ಚುವುದು ಕಡಲೆಕಾಳಿನಷ್ಟು.

ಎರಡು ಬೆರಳಿನ ಲೆಕ್ಕದಲ್ಲಿ ದಿನಕ್ಕೆರಡು ಸಲ ಹಚ್ಚಿದರೆ ಐವತ್ತು ಗ್ರಾಮಿನ ಟ್ಯೂಬು ಮೂರು ವಾರಕ್ಕೆ ಮುಗಿಯುತ್ತದೆ. ಅದರ ಬೆಲೆ ನಾನೂರು ಐನೂರು ರೂಪಾಯಿ. ಅದೂ ಬರೀ ಮುಖ, ಕುತ್ತಿಗೆಗೆ, ಒಬ್ಬರಿಗೆ. ಐದು ಜನರ ಮನೆಯಲ್ಲಿ ಕೈಕಾಲಿಗೂ ಹಚ್ಚಿಕೊಂಡರೆ ರೇಷನ್ನಿನ ದುಡ್ಡು ಅದಕ್ಕೇ ಹೋಗುತ್ತದೆ. ಆದ್ದರಿಂದಲೇ ನನ್ನ ಚೀಟಿಯಲ್ಲಿ ಬಟ್ಟೆ ಮೊದಲು, ನೆರಳು ಎರಡನೆಯದು, ಕ್ರೀಮು ಕೊನೆಗೆ. ಬಟ್ಟೆಗೆ ಒಂದು ಪರೀಕ್ಷೆ ಹೇಳುತ್ತೇನೆ. ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಕೈ ಇಡಿ. ಬೆರಳು ಎಣಿಸಲು ಬಂದರೆ ಅದು ಬಿಸಿಲಿಗೆ ಆಗುವ ಬಟ್ಟೆಯಲ್ಲ. ತೆಳು ಬಿಳಿ ಹತ್ತಿ, ಅದರಲ್ಲೂ ಒದ್ದೆಯಾದದ್ದು, ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಕಿರಣ ಒಳಗೆ ಬಿಡುತ್ತದೆ. ನೇಯ್ಗೆ ಒತ್ತಾಗಿರಬೇಕು, ಬಣ್ಣ ಗಾಢವಾಗಿದ್ದಷ್ಟೂ ಮೇಲು. ತಲೆಮೇಲೆ ಹೊದ್ದ ಇಳಕಲ್ ಸೀರೆಯ ಸೆರಗು, ಬಯಲುಸೀಮೆಯ ರುಮಾಲು, ತುಳುನಾಡಿನ ಅಡಿಕೆ ಹಾಳೆಯ ಮುಟ್ಟಾಳೆ, ಕಪ್ಪು ಬಟ್ಟೆಯ ಹಳೇ ಕೊಡೆ, ಇವೆಲ್ಲ ಅದೇ ಕೆಲಸದವು. ಕ್ರಿಕೆಟ್ ಟೋಪಿ ಹಣೆಗೆ ಸರಿ, ಕಿವಿ ಮತ್ತು ಕುತ್ತಿಗೆ ಬಯಲಿಗೇ ಬೀಳುತ್ತವೆ. ಗಂಡಸರು ಕೊಡೆ ಹಿಡಿಯಲು ನಾಚಿಕೊಳ್ಳುವುದು ಯಾವಾಗ ಶುರುವಾಯಿತೋ ಕಾಣೆ. ನಮ್ಮ ಅಜ್ಜಂದಿರು ಕೊಡೆ ಇಲ್ಲದೆ ಸಂತೆಗೆ ಹೋಗುತ್ತಿರಲಿಲ್ಲ.

ಬಿಸಿಲು ಬೀಳುವ ಜಾಗದಲ್ಲಿ ಬಂದದ್ದೆಲ್ಲ ಬರೀ ಬಿಸಿಲಿನದು ಅಂತಲೂ ತಿಳಿಯಬಾರದು. ಹೊಲದ ಬದುವಿನಲ್ಲಿ ಬೆಳೆಯುವ ಕಾಂಗ್ರೆಸ್ ಗಿಡದ ಪುಡಿ ಗಾಳಿಯಲ್ಲಿ ಹಾರಿಬಂದು ರೆಪ್ಪೆ, ಕುತ್ತಿಗೆ, ಮೊಣಕೈ ಸಂದಿಯಲ್ಲಿ ತುರಿಕೆ ಎಬ್ಬಿಸುತ್ತದೆ. ಬಿಸಿಲಿಗೆ ಹೋದಾಗ ಅದು ಕೆರಳುವುದರಿಂದ ಜನ ಬಿಸಿಲನ್ನು ಬೈಯುತ್ತಾರೆ. ಇನ್ನೊಂದು ಬಡತನದ ಕಾಯಿಲೆ, ಪೆಲಾಗ್ರ. ಕೊರಳ ಸುತ್ತ ಹಾರದಂತೆ, ಮುಂಗೈ ಮೇಲೆ ಕೈಗವಸಿನಂತೆ ಚರ್ಮ ಕಪ್ಪಾಗಿ ಬಿರಿಯುತ್ತದೆ, ಜೊತೆಗೆ ಭೇದಿ, ಮಂಕು. ನಯಾಸಿನ್ ಎಂಬ ವಿಟಮಿನ್ ಸಾಲದೆ ಚರ್ಮ ಬಿಸಿಲು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಜೋಳವೊಂದನ್ನೇ ಉಂಡು ಬದುಕುತ್ತಿದ್ದ ದಖ್ಖನ್ ಪ್ರದೇಶದ ಬಡವರಲ್ಲಿ ಇದನ್ನು ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು 1960ರ ಸುಮಾರಿಗೆ ಅಧ್ಯಯನ ಮಾಡಿದರು. ಈಗ ಅಪರೂಪ. ಊಟ ಬಿಟ್ಟು ಕುಡಿತಕ್ಕೆ ಬಿದ್ದವರಲ್ಲಿ ಇವತ್ತಿಗೂ ಕಾಣಸಿಗುತ್ತದೆ, ಅವರಿಗೆ ಬೇಕಾದದ್ದು ಕ್ರೀಮಲ್ಲ, ಅನ್ನ ಬೇಳೆ ಮತ್ತು ಆ ವಿಟಮಿನ್ನಿನ ಮಾತ್ರೆ. ಕೆಲವು ಔಷಧಿಗಳದೂ ಇದರಲ್ಲಿ ಪಾಲಿದೆ: ಡಾಕ್ಸಿಸೈಕ್ಲಿನ್ ಮಾತ್ರೆ, ಬಿಪಿಗೆ ಕೊಡುವ, ಮೂತ್ರ ಹೆಚ್ಚಿಸುವ ಕೆಲವು ಮಾತ್ರೆ ನುಂಗುತ್ತಿರುವವರಿಗೆ ಬಿಸಿಲು ಬೇಗ ಸುಡುತ್ತದೆ. ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ, ಕೊಟ್ಟ ವೈದ್ಯರಿಗೆ ತಿಳಿಸಿ.

ವಿಟಮಿನ್ ಡಿ ಕಥೆ ಏನು ಅಂತ ಕೇಳುತ್ತೀರಿ. ಹೊರಗೆ ದುಡಿಯುವವರಿಗೆ ಆ ಚಿಂತೆ ಕಡಿಮೆ, ಮುಚ್ಚಿಕೊಂಡ ಮೇಲೂ ಅವರಿಗೆ ಸಿಗುವ ಬಿಸಿಲು ಸಾಕಷ್ಟಿದೆ. ಕೊರತೆ ಇರುವುದು ಹೆಚ್ಚಾಗಿ ಬೆಳಗಿನಿಂದ ಸಂಜೆಯವರೆಗೆ ಒಳಗೇ ಕೂರುವವರಲ್ಲಿ. ಅವರು ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಿಸಲಿ, ಬೇಕಾದರೆ ರಕ್ತ ಪರೀಕ್ಷೆ ಮಾಡಿಸಿ ಮಾತ್ರೆ ನುಂಗಲಿ. ಅದಕ್ಕಾಗಿ ಮುಖ ಸುಟ್ಟುಕೊಳ್ಳಬೇಕಿಲ್ಲ.

ಕೊನೆಗೆ, ಮೈಯಲ್ಲಿ ಮೆಲನಿನ್ ಇಲ್ಲದೆ ಹುಟ್ಟುವ ಮಕ್ಕಳ ಬಗ್ಗೆ. ಬಿಳಿಕೂದಲು, ಬಿಳಿಚರ್ಮ, ಬೆಳಕಿಗೆ ಕಣ್ಣು ಕಿರಿದಾಗಿಸುವ ಈ ಮಕ್ಕಳನ್ನು ಊರಿನಲ್ಲಿ ಅಡ್ಡಹೆಸರು ಹಿಡಿದು ಕರೆಯುತ್ತಾರೆ. ನಾನು ಹಿಂದೆ ಹೇಳಿದ ಕೊಡೆ ಇವರಿಗೆ ಇಲ್ಲವೇ ಇಲ್ಲ. ನಮ್ಮಲ್ಲಿ ಬಿಸಿಲಿನಿಂದ ಚರ್ಮದ ಕ್ಯಾನ್ಸರ್ ಬರುವ ಭಯ ನಿಜಕ್ಕೂ ಇರುವುದು ಇವರಿಗೆ, ಅದೂ ಎಳೆವಯಸ್ಸಿನಲ್ಲೇ. ಆರು ವಾರವಾದರೂ ಮಾಯದ ಗಾಯ ಮುಖ, ಕಿವಿ, ತುಟಿಯ ಮೇಲೆ ಕಂಡರೆ ಕಾಯದೆ ತೋರಿಸಬೇಕು. ಇಂಥ ಮಗು ತುಂಬುತೋಳು, ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಶಾಲೆಗೆ ಬಂದರೆ ಸಮವಸ್ತ್ರದ ನಿಯಮ ಹೇಳಿ ತೆಗೆಸುವ ಮೇಷ್ಟ್ರುಗಳಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಶಾಲೆಯ ಮಾತು ಬಂದದ್ದರಿಂದ ಇನ್ನೊಂದು ಕೋರಿಕೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಕೆಲಸದ ಜಾಗದಲ್ಲಿ ಕುಡಿಯುವ ನೀರಿನ ಜೊತೆಗೆ ನೆರಳೂ ಇರಬೇಕೆಂದು ಬರೆದಿದ್ದರು. ಕೆರೆ ಹೂಳೆತ್ತುವವರಿಗೆ ಕಾನೂನು ಒಪ್ಪಿದ ಆ ನೆರಳು ಶಾಲೆಯ ಆಟದ ಬಯಲಿನಲ್ಲೂ ಇರಬೇಡವೇ? ಮುಖ್ಯೋಪಾಧ್ಯಾಯರೇ, ಈ ಸಲ ಶಾಲೆ ತೆರೆಯುವ ಮುನ್ನ ವೇಳಾಪಟ್ಟಿ ಬರೆಯುವಾಗ ಆಟದ ಅವಧಿಯನ್ನು ಬೆಳಗಿನ ಮೊದಲ ಗಂಟೆಗೋ ಸಂಜೆಯ ಕೊನೆಯ ಗಂಟೆಗೋ ಹಾಕಿ. ಮಧ್ಯಾಹ್ನ ಹನ್ನೆರಡಕ್ಕೆ ಡ್ರಿಲ್ ಮಾಡಿಸಬೇಡಿ. ಇದಕ್ಕೆ ಇಲಾಖೆಯ ಅನುದಾನ ಬೇಕಿಲ್ಲ.